ಬಿಸಿಲಿನಲ್ಲಿ ಅಡುಗೆ ಮಾಡಿದ ಗಣಿತ ಶಿಕ್ಷಕ: ಆಗಸ್ಟೀನ್ ಮೂಶೋ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದವರಿಗೆ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೋಳಿ ಹುಣ್ಣಿಮೆ ಮುಗಿಯುತ್ತಿದ್ದಂತೆ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ನಮ್ಮ ತಾಯಂದಿರು ಆ ಬಿಸಿಲನ್ನು ವ್ಯರ್ಥ ಮಾಡುವುದಿಲ್ಲ. ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಎಲ್ಲವನ್ನೂ ಅದರಲ್ಲಿಯೇ ಒಣಗಿಸಿ ವರ್ಷದ ಮಟ್ಟಿಗೆ ತುಂಬಿಡುತ್ತಾರೆ. ಆದರೆ ಒಣಗಿಸುವುದು ಬೇರೆ, ಬೇಯಿಸುವುದು ಬೇರೆ. ಒಲೆ ಹೊತ್ತಿಸದೆ, ಕಟ್ಟಿಗೆ-ಕುಳ್ಳು ಸುಡದೆ, ಬರಿಯ ಬಿಸಿಲಿನಿಂದ ಅಡುಗೆ ಮಾಡಬಹುದೇ?

ಸುಮಾರು ನೂರಾ ಅರವತ್ತು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ತನ್ನ ಆಯುಷ್ಯದ ಹಲವು ವರ್ಷಗಳನ್ನು ಅದಕ್ಕೆ ಮುಡಿಪಾಗಿಟ್ಟವರು ಫ್ರಾನ್ಸ್ ದೇಶದ ಒಬ್ಬ ಸಾಮಾನ್ಯ ಶಾಲಾ ಶಿಕ್ಷಕರು. ಅವರ ಹೆಸರು ಆಗಸ್ಟೀನ್ ಮೂಶೋ. ಅವರು ಬಿಸಿಲಿನಲ್ಲಿ ರೊಟ್ಟಿ ಸುಟ್ಟರು, ಗಡ್ಡೆ ಬೇಯಿಸಿದರು, ಉಗಿಯಂತ್ರ ಓಡಿಸಿದರು. ಅದೇ ಬಿಸಿಲಿನಿಂದ ಮಂಜುಗಡ್ಡೆಯನ್ನೂ ಮಾಡಿ ತೋರಿಸಿದರು. ಆದರೂ ಅವರ ಕೊನೆಗಾಲ ಬಡತನದಲ್ಲಿ ಕಳೆಯಿತು. ಇದು ಹೇಗಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೂಶೋ ಅವರು 1825ರ ಏಪ್ರಿಲ್ 7ರಂದು ಫ್ರಾನ್ಸಿನ ಬರ್ಗಂಡಿ ಪ್ರಾಂತದ ಸೆಮುರ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ತಂದೆ ಬೀಗ-ಕೀಲಿ ಕೆಲಸದ ಕುಶಲಕರ್ಮಿ. ಮನೆಯಲ್ಲಿ ಸಿರಿತನವಿರಲಿಲ್ಲ. ಕಲಿತು ಮುಗಿಸಿ ಆಮೇಲೆ ನೌಕರಿ ಹಿಡಿಯುವ ಅನುಕೂಲ ಅವರಿಗಿರಲಿಲ್ಲ. ಇಪ್ಪತ್ತನೆಯ ವಯಸ್ಸಿಗೇ ಗುಡ್ಡಗಾಡು ಪ್ರದೇಶದ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕರಾಗಿ ಸೇರಿದರು. ಹಗಲು ಮಕ್ಕಳಿಗೆ ಪಾಠ ಹೇಳುತ್ತ, ಉಳಿದ ವೇಳೆಯಲ್ಲಿ ತಾವೂ ಓದುತ್ತ, 1852ರಲ್ಲಿ ಗಣಿತದ ಪದವಿಯನ್ನು, ಮರುವರ್ಷ ಭೌತವಿಜ್ಞಾನದ ಪದವಿಯನ್ನು ಪಡೆದರು. ಬಳಿಕ ಅಲಾನ್ಸೋನ್, ರೆನ್, ತೂರ್ ಎಂಬ ಪಟ್ಟಣಗಳ ಪ್ರೌಢಶಾಲೆಗಳಲ್ಲಿ ಗಣಿತ ಶಿಕ್ಷಕರಾಗಿ ದುಡಿದರು.

ಆ ಕಾಲದ ಯೂರೋಪನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಕಾರಖಾನೆಗಳ ಚಿಮಣಿಗಳು ಹಗಲಿರುಳು ಹೊಗೆ ಉಗುಳುತ್ತಿದ್ದವು. ರೈಲು, ಹಡಗು, ಗಿರಣಿ ಎಲ್ಲಕ್ಕೂ ಕಲ್ಲಿದ್ದಲೇ ಆಹಾರ. ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಯಥೇಚ್ಛವಾಗಿತ್ತು. ಫ್ರಾನ್ಸಿನಲ್ಲಿ ಅಷ್ಟಿರಲಿಲ್ಲ, ಹೊರಗಿನಿಂದ ತರಿಸಬೇಕಾಗುತ್ತಿತ್ತು. ನೆಲದೊಳಗಿನ ಈ ಕಲ್ಲಿದ್ದಲು ಒಂದಲ್ಲ ಒಂದು ದಿನ ತೀರಿಹೋಗುವುದು ಖಂಡಿತ, ಆಗ ಕಾರಖಾನೆಗಳ ಗತಿಯೇನು ಎಂಬ ಯೋಚನೆ ಮೂಶೋ ಅವರನ್ನು ಕಾಡತೊಡಗಿತು. ಎಲ್ಲರೂ ಹೊಸ ಗಣಿಗಳನ್ನು ಹುಡುಕುತ್ತಿದ್ದಾಗ, ಈ ಶಿಕ್ಷಕರು ತಲೆಯೆತ್ತಿ ಸೂರ್ಯನ ಕಡೆ ನೋಡಿದರು.

ಗಾಜಿನ ಪೆಟ್ಟಿಗೆಯ ಪಾಠ

ಹೊಸದನ್ನು ಮಾಡುವ ಮೊದಲು ಹಿಂದಿನವರು ಏನು ಮಾಡಿದ್ದಾರೆ ಎಂಬುದನ್ನು ತಿಳಿದುಕೊಳ್ಳಬೇಕು. ಮೂಶೋ ಅವರು ಮಾಡಿದ್ದೂ ಅದನ್ನೇ. ಹಳೆಯ ಗ್ರಂಥಗಳನ್ನು ತೆರೆದಾಗ ಅವರಿಗೆ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೋಸ್ಯೂರ್ ಅವರ ಪ್ರಯೋಗ ಕಣ್ಣಿಗೆ ಬಿತ್ತು. ಸೋಸ್ಯೂರ್ 1767ರಲ್ಲಿ ಐದು ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಬರುವಂತೆ ಕಪ್ಪು ಹಲಗೆಯ ಮೇಲೆ ಕವುಚಿ, ಬಿಸಿಲಿಗೆ ಇಟ್ಟಿದ್ದರು. ಎಲ್ಲಕ್ಕಿಂತ ಒಳಗಿನ ಪೆಟ್ಟಿಗೆಯಲ್ಲಿ ಉಷ್ಣತೆ 87.5 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿತ್ತು. ಆಮೇಲೆ ಅವರು ಒಳಮೈಗೆ ಕಪ್ಪು ಬೆಂಡು ಹಚ್ಚಿ, ಮೇಲೆ ಮೂರು ಗಾಜುಗಳನ್ನು ಮುಚ್ಚಿದ ಮರದ ಪೆಟ್ಟಿಗೆಯನ್ನು ಮಾಡಿದರು. ಅದರೊಳಗೆ ಉಷ್ಣತೆ ನೀರು ಕುದಿಯುವ ಮಟ್ಟವನ್ನೂ ದಾಟಿ 109 ಡಿಗ್ರಿ ತಲುಪಿತು. ಅದೇ ಪೆಟ್ಟಿಗೆಯನ್ನು ಆಲ್ಪ್ಸ್ ಪರ್ವತದ ಶಿಖರವೊಂದಕ್ಕೆ ಒಯ್ದಾಗ, ಹೊರಗೆ ಗಾಳಿ ಬಹಳ ತಣ್ಣಗಿದ್ದರೂ ಒಳಗಿನ ಉಷ್ಣತೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಹೊರಗಿನ ಗಾಳಿ ಬಿಸಿಯಾಗಿರಬೇಕೆಂಬ ನಿಯಮವಿಲ್ಲ, ಬಿಸಿಲು ನಿಚ್ಚಳವಾಗಿದ್ದರೆ ಸಾಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಇದರ ಕಾರಣವನ್ನು ನಮ್ಮ ವಿಜ್ಞಾನದ ಪಾಠದಿಂದಲೇ ತಿಳಿಯಬಹುದು. ಸೂರ್ಯನ ಬೆಳಕು ಗಾಜಿನ ಮೂಲಕ ಸುಲಭವಾಗಿ ಒಳಗೆ ಬರುತ್ತದೆ. ಒಳಗಿನ ಕಪ್ಪು ವಸ್ತು ಅದನ್ನು ಹೀರಿಕೊಂಡು ಬಿಸಿಯಾಗುತ್ತದೆ. ಬಿಸಿಯಾದ ವಸ್ತುವಿನಿಂದ ಹೊರಡುವ ಶಾಖಕಿರಣಗಳು ಕಣ್ಣಿಗೆ ಕಾಣದ ಬೇರೆ ಜಾತಿಯವು. ಅವು ಗಾಜನ್ನು ದಾಟಿ ಹೊರಗೆ ಹೋಗಲಾರವು. ಒಳಗಿನ ಬಿಸಿ ಗಾಳಿಯನ್ನೂ ಗಾಜು ಹೊರಗೆ ಬಿಡುವುದಿಲ್ಲ. ಹೀಗೆ ಬಂದ ಶಾಖ ಒಳಗೇ ಕೂಡುತ್ತ ಹೋಗುತ್ತದೆ.

ಮೂಶೋ ಅವರ ಮುಂದೆ ಇನ್ನೊಂದು ಉದಾಹರಣೆಯೂ ಇತ್ತು. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಅವರು 1834ರಿಂದ 1838ರವರೆಗೆ ನಕ್ಷತ್ರ ವೀಕ್ಷಣೆಗಾಗಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ, ಗಾಜು ಮುಚ್ಚಿದ ಮರದ ಪೆಟ್ಟಿಗೆಯ ಸುತ್ತ ಮರಳು ಏರಿಸಿ, ಅದರೊಳಗೆ ಮೊಟ್ಟೆಗಳನ್ನೂ ಮಾಂಸವನ್ನೂ ಬೇಯಿಸಿದ್ದರು.

ಬಿಸಿಲಿನ ಪಾತ್ರೆ

ಸೋಸ್ಯೂರ್ ಪೆಟ್ಟಿಗೆಯಲ್ಲಿ ಒಂದು ಕೊರತೆಯಿತ್ತು. ಅದರ ಬಾಯಿ ಎಷ್ಟು ಅಗಲವೋ ಅಷ್ಟೇ ಬಿಸಿಲು ಅದಕ್ಕೆ ಸಿಗುತ್ತಿತ್ತು. ಆದ್ದರಿಂದ ಅಡುಗೆ ನಿಧಾನವಾಗುತ್ತಿತ್ತು. ಇನ್ನೊಂದು ಕಡೆ, ಬರಿಯ ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೂಡಿಸುವ ವಿದ್ಯೆಯೂ ಹಳೆಯದೇ. ಆದರೆ ಬಿಸಿಯಾದ ಪಾತ್ರೆಗೆ ಗಾಳಿ ತಾಗಿ ಶಾಖ ಹಾರಿಹೋಗುತ್ತಿತ್ತು. 1860ರಲ್ಲಿ ಪ್ರಯೋಗಗಳನ್ನು ಆರಂಭಿಸಿದ ಮೂಶೋ ಅವರು ಈ ಎರಡನ್ನೂ ಜೋಡಿಸಿದರು. ಕನ್ನಡಿಯಿಂದ ಬಿಸಿಲನ್ನು ಕೂಡಿಸಬೇಕು, ಕಪ್ಪು ಪಾತ್ರೆಯಿಂದ ಅದನ್ನು ಹೀರಬೇಕು, ಗಾಜಿನ ಮುಚ್ಚಳದಿಂದ ಅದನ್ನು ಕಾಯಬೇಕು. ಈ ಮೂರು ಮಾತಿನಲ್ಲಿ ಅವರ ಎಲ್ಲ ಸಂಶೋಧನೆಯ ಸಾರವಿದೆ. 1861ರಲ್ಲಿ ಅವರು ತಮ್ಮ ಮೊದಲ ಸೌರ ಸಾಧನಕ್ಕೆ ಪೇಟೆಂಟನ್ನೂ ಪಡೆದರು.

ಅವರ ಅಡುಗೆ ಪಾತ್ರೆಯ ರಚನೆ ಬಹಳ ಸರಳ. ತಾಮ್ರದ ಪಾತ್ರೆಯ ಹೊರಮೈಗೆ ಕಪ್ಪು ಬಳಿದರು. ಅದರ ಮೇಲೆ ಗಂಟೆಯಾಕಾರದ ದೊಡ್ಡ ಗಾಜನ್ನು ಮುಚ್ಚಿದರು. ಪಾತ್ರೆಯ ಹಿಂದೆ, ಸೂರ್ಯನಿಗೆ ಎದುರಾಗಿ, ಬೆಳ್ಳಿಯ ಲೇಪ ಕೊಟ್ಟ ಬಾಗಿದ ತಗಡನ್ನು ನಿಲ್ಲಿಸಿದರು. ಇದರಲ್ಲಿ ಒಂದು ಕಿಲೋಗ್ರಾಂ ಮಾಂಸ ಮತ್ತು ತರಕಾರಿಗಳ ಸಾರು ನಾಲ್ಕು ಗಂಟೆಗಳಲ್ಲಿ ಚೆನ್ನಾಗಿ ಬೆಂದು ಸಿದ್ಧವಾಯಿತು. ಫ್ರಾನ್ಸಿನ ಬಿಸಿಲು ನಮ್ಮ ಬಿಸಿಲಿನಷ್ಟು ಪ್ರಖರವಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ನಡುಹಗಲಿನ ನಿಚ್ಚಳ ಬಿಸಿಲಿನಲ್ಲಿ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರ್ ಜಾಗದ ಮೇಲೆ ಪ್ರತಿ ಸೆಕೆಂಡಿಗೆ ಸುಮಾರು 1000 ಜೂಲ್ ಶಕ್ತಿ ಬೀಳುತ್ತದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 3,15,000 ಜೂಲ್ ಬೇಕು. ಬಿದ್ದ ಶಕ್ತಿಯಲ್ಲಿ ಅರ್ಧದಷ್ಟು ಮಾತ್ರ ನೀರಿಗೆ ಸೇರಿತೆಂದು ಹಿಡಿದರೂ 630 ಸೆಕೆಂಡುಗಳಲ್ಲಿ, ಅಂದರೆ ಹತ್ತೂವರೆ ನಿಮಿಷಗಳಲ್ಲಿ ನೀರು ಕುದಿಯಬೇಕು. ಮನೆಯ ಬಾಗಿಲಿಗೆ ದಿನವೂ ಬಂದು ಬೀಳುವ ಸಂಪತ್ತು ಎಷ್ಟು ದೊಡ್ಡದೆಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಮೂಶೋ ಅವರಿಗೆ ಧೈರ್ಯ ಕೊಟ್ಟದ್ದೂ ಇಂತಹ ಲೆಕ್ಕಗಳೇ.

ಯುದ್ಧದ ಹೊಡೆತ

ಪಾತ್ರೆಯಲ್ಲಿ ನೀರು ಕುದಿಯುತ್ತದೆ ಎಂದ ಮೇಲೆ ಉಗಿ ಬರುತ್ತದೆ. ಉಗಿ ಬಂದರೆ ಯಂತ್ರ ಓಡುತ್ತದೆ. ಅಡುಗೆಯಿಂದ ಆರಂಭವಾದ ಪ್ರಯೋಗ ಹೀಗೆ ಯಂತ್ರದವರೆಗೆ ಬೆಳೆಯಿತು. 1866ರಲ್ಲಿ ಮೂಶೋ ಅವರು ಬಿಸಿಲಿನಿಂದ ಓಡುವ ಒಂದು ಚಿಕ್ಕ ಉಗಿಯಂತ್ರವನ್ನು ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನಿಗೆ ತೋರಿಸಿದರು. ಶಾಲಾ ಶಿಕ್ಷಕರೊಬ್ಬರ ಯಂತ್ರಕ್ಕೆ ರಾಜಾಶ್ರಯ ದೊರೆಯಿತು. ಆಫ್ರಿಕಾದ ಬಿಸಿಲು ನಾಡುಗಳಲ್ಲಿದ್ದ ಫ್ರೆಂಚ್ ಸೈನಿಕರಿಗೆ ಇಂತಹ ಅಡುಗೆ ಸಾಧನ ಉಪಯೋಗಕ್ಕೆ ಬಂದೀತೆಂಬ ಎಣಿಕೆಯೂ ಇತ್ತು. 1869ರಲ್ಲಿ ಅವರು ಸೂರ್ಯಶಾಖ ಮತ್ತು ಅದರ ಕೈಗಾರಿಕಾ ಉಪಯೋಗಗಳ ಬಗ್ಗೆ ಒಂದು ಗ್ರಂಥವನ್ನು ಪ್ರಕಟಿಸಿದರು. ಅದೇ ಸುಮಾರಿಗೆ ಅಲ್ಲಿಯವರೆಗಿನ ತಮ್ಮ ಯಂತ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಇಟ್ಟರು.

ಆದರೆ ದೈವದ ಎಣಿಕೆ ಬೇರೆ ಇತ್ತು. 1870ರಲ್ಲಿ ಫ್ರಾನ್ಸಿಗೂ ಪ್ರಶ್ಯಾಕ್ಕೂ ಯುದ್ಧ ಹತ್ತಿತು. ಚಕ್ರವರ್ತಿ ಸೆರೆಸಿಕ್ಕು ಪದವಿ ಕಳೆದುಕೊಂಡನು. ಶತ್ರುಸೈನ್ಯ ಪ್ಯಾರಿಸ್ ನಗರವನ್ನು ತಿಂಗಳುಗಟ್ಟಲೆ ಮುತ್ತಿತು. ಮುತ್ತಿಗೆ ತೆರವಾದಾಗ ಮೂಶೋ ಅವರ ಯಂತ್ರ ಅಲ್ಲಿರಲಿಲ್ಲ. ಮತ್ತೆ ಅದು ಸಿಗಲೇ ಇಲ್ಲ. ಹತ್ತು ವರ್ಷಗಳ ದುಡಿಮೆ, ಆಶ್ರಯ ಕೊಟ್ಟ ದೊರೆ, ಎರಡೂ ಒಮ್ಮೆಲೇ ಕೈಬಿಟ್ಟವು.

ಬೇರೊಬ್ಬರಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದರೇನೋ. ಮೂಶೋ ಅವರು ತೂರ್ ನಗರದಲ್ಲಿ ಮತ್ತೆ ಮೊದಲಿನಿಂದ ತೊಡಗಿದರು. ಅಲ್ಲಿಯ ಜಿಲ್ಲಾ ಪರಿಷತ್ತು 1500 ಫ್ರಾಂಕುಗಳ ಸಹಾಯ ನೀಡಿತು. ಆ ಹಣದಿಂದ ಕಟ್ಟಿದ ಹೊಸ ಯಂತ್ರವನ್ನು ನಗರದ ಗ್ರಂಥಾಲಯದ ಆವರಣದಲ್ಲಿ ನಿಲ್ಲಿಸಿದರು. ಈ ಸಲ ಕನ್ನಡಿಯ ಆಕಾರ ಬದಲಾಗಿತ್ತು. ತುದಿ ಕತ್ತರಿಸಿದ ಶಂಕುವಿನಂತೆ, ಮೇಲ್ಮುಖವಾಗಿ ಅರಳಿದ ದೊಡ್ಡ ಬುಟ್ಟಿಯಂತೆ ಅದು ಕಾಣುತ್ತಿತ್ತು. ಬಾಯಿಯ ಅಗಲ 2.6 ಮೀಟರ್. ಒಳಮೈಗೆ ಬೆಳ್ಳಿ ಲೇಪಿಸಿದ ತಾಮ್ರದ ತಗಡುಗಳು. ಬುಟ್ಟಿಯ ನಡುವೆ ಗಾಜು ಹೊದಿಸಿದ ಕಪ್ಪು ಹಂಡೆ ಕಂಬದಂತೆ ನಿಂತಿತ್ತು. ಶಂಕುವಿನ ಓರೆಯನ್ನು 45 ಡಿಗ್ರಿ ಇಟ್ಟರೆ ಸೂರ್ಯನ ಕಡೆಯಿಂದ ಬಂದ ಕಿರಣಗಳು ಅಡ್ಡಲಾಗಿ ತಿರುಗಿ, ಹಂಡೆಯ ಉದ್ದಕ್ಕೂ ಬೀಳುತ್ತವೆ. ಗಣಿತ ಶಿಕ್ಷಕರಿಗೆ ರೇಖಾಗಣಿತ ಹೀಗೆ ಕೆಲಸಕ್ಕೆ ಬಂತು. 1875ರಲ್ಲಿ ಅವರು ಈ ಯಂತ್ರದ ವಿವರಗಳನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದರು.

ಮರಳುಗಾಡಿನ ಅಂಚಿನಲ್ಲಿ

ಫ್ರಾನ್ಸಿನಲ್ಲಿ ಮೋಡ ಹೆಚ್ಚು. ಬಿಸಿಲಿನ ಯಂತ್ರಕ್ಕೆ ಬಿಸಿಲಿನ ನಾಡೇ ಬೇಕು. ಉತ್ತರ ಆಫ್ರಿಕಾದ ಅಲ್ಜೀರಿಯಾ ಅಂತಹ ನಾಡು. ಅದರ ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಕಣ್ಣು ಹಾಯುವವರೆಗೂ ಸಹಾರಾ ಮರಳುಗಾಡು. 1830ರಿಂದ ಫ್ರೆಂಚರು ಅದನ್ನು ವಶಪಡಿಸಿಕೊಳ್ಳುತ್ತ ಬಂದಿದ್ದರು. ಅಲ್ಲಿ ಕಲ್ಲಿದ್ದಲನ್ನು ಹಡಗಿನಲ್ಲಿ ತರಿಸಬೇಕು. ಒಳನಾಡಿಗೆ ಹೋದಂತೆ ಅದರ ಬೆಲೆ ಏರುತ್ತ ಹೋಗುತ್ತದೆ. ಒಣನೆಲದಲ್ಲಿ ಗಿಡಮರಗಳು ವಿರಳ, ಕಟ್ಟಿಗೆಯೂ ದುರ್ಲಭ. ಬಾವಿಯ ನೀರು ಎಷ್ಟೋ ಕಡೆ ಉಪ್ಪು. ಆದರೆ ಬಿಸಿಲಿಗೆ ಮಾತ್ರ ಕೊರತೆಯಿಲ್ಲ. 1877ರ ಜನವರಿಯಲ್ಲಿ ಸರ್ಕಾರವು ಹಣ ಮಂಜೂರು ಮಾಡಿ ಮೂಶೋ ಅವರನ್ನು ಅಲ್ಲಿಗೆ ಕಳುಹಿಸಿತು. ಐವತ್ತೆರಡನೆಯ ವಯಸ್ಸಿನಲ್ಲಿ ಅವರು ಪಾಠದ ಹಲಗೆಯನ್ನು ಬಿಟ್ಟು ಬಿಸಿಲಿನ ನಾಡಿಗೆ ಹೊರಟರು.

ಅಲ್ಲಿ ಅವರು ಬಿಚ್ಚಿ ಮಡಚಿ ಒಯ್ಯಬಹುದಾದ ಅಡುಗೆ ಸಾಧನವನ್ನು ಪರೀಕ್ಷಿಸಿದರು. ಅದರ ಫಲ ನೋಡಿರಿ. ಸುಮಾರು ಅರ್ಧ ಕಿಲೋಗ್ರಾಂ ರೊಟ್ಟಿ 45 ನಿಮಿಷಗಳಲ್ಲಿ ಬೆಂದಿತು. ಒಂದು ಕಿಲೋಗ್ರಾಂ ಆಲೂಗಡ್ಡೆ ಒಂದು ಗಂಟೆಯಲ್ಲಿ ಬೆಂದಿತು. ಮಾಂಸದ ಸಾರಿಗೆ ಮೂರು ಗಂಟೆ ಸಾಕಾಯಿತು. ಅದೇ ಬಿಸಿಲಿನಿಂದ ನೀರನ್ನು ಕಾಯಿಸಿ, ಉಗಿಯನ್ನು ತಣಿಸಿ, ಶುದ್ಧ ನೀರನ್ನಾಗಿ ಇಳಿಸಿಕೊಳ್ಳಲೂ ಬರುತ್ತಿತ್ತು. ಮರಳುಗಾಡಿನ ಒಂಟಿ ಮನೆಯಲ್ಲಿ ವಾಸಿಸುವವರಿಗೆ ಅನ್ನದಷ್ಟೇ ಮುಖ್ಯವಾದದ್ದು ಕುಡಿಯುವ ನೀರು. ಒಂದೇ ಕನ್ನಡಿ ಎರಡನ್ನೂ ಒದಗಿಸಬಲ್ಲದು ಎಂಬುದು ಸಣ್ಣ ಮಾತಲ್ಲ.

ಕಷ್ಟಗಳೂ ಇಲ್ಲದಿರಲಿಲ್ಲ. ಸೂರ್ಯ ಒಂದೆಡೆ ನಿಲ್ಲುವವನಲ್ಲ. ಅವನು ಸರಿದಂತೆಲ್ಲ ಕನ್ನಡಿಯನ್ನೂ ತಿರುಗಿಸುತ್ತ ಇರಬೇಕು. ಬೆಳ್ಳಿಯ ಲೇಪ ಗಾಳಿಗೆ, ಧೂಳಿಗೆ ಮಂಕಾಗುತ್ತದೆ. ಗಾಜು ಒಡೆಯುತ್ತದೆ. ಮುಖ್ಯವಾಗಿ, ಬೆಳ್ಳಿ-ತಾಮ್ರಗಳಿಗೆ ತಗಲುವ ಖರ್ಚು ಬಡವನ ಕೈಗೆ ಎಟಕುವಂಥದ್ದಲ್ಲ.

ಬಿಸಿಲಿನಿಂದ ಮಂಜುಗಡ್ಡೆ

1878ರಲ್ಲಿ ಪ್ಯಾರಿಸ್ಸಿನಲ್ಲಿ ಜಾಗತಿಕ ಪ್ರದರ್ಶನ ನಡೆಯಿತು. ದೇಶದೇಶಗಳ ಯಂತ್ರಗಳೂ ಅದ್ಭುತಗಳೂ ಅಲ್ಲಿ ಕೂಡಿದ್ದವು. ಮೂಶೋ ಅವರು ತಮ್ಮ ತರುಣ ಸಹಾಯಕ ಆಬೆಲ್ ಪಿಫ್ರ್ ಅವರೊಡನೆ ಒಂದು ಬೃಹತ್ ಸೌರಯಂತ್ರವನ್ನು ಅಲ್ಲಿ ನಿಲ್ಲಿಸಿದರು. ಸೆಪ್ಟೆಂಬರ್ ತಿಂಗಳಲ್ಲಿ ಅದು ಕೆಲಸ ಮಾಡತೊಡಗಿತು. ಉಗಿಯ ಬಲದಿಂದ ಪಂಪು ನೀರೆತ್ತಿತು. ಇದನ್ನು ನೋಡಿ ಬೆರಗಾದ ಜನರಿಗೆ ಇನ್ನೂ ದೊಡ್ಡ ಬೆರಗು ಕಾದಿತ್ತು. ಮೂಶೋ ಅವರು ತಮ್ಮ ಯಂತ್ರವನ್ನು ಫರ್ಡಿನಾಂಡ್ ಕರ್ರೆ ಎಂಬವರು ಕಂಡುಹಿಡಿದ ಶೀತಯಂತ್ರಕ್ಕೆ ಜೋಡಿಸಿ, ಸೂರ್ಯನ ಶಾಖದಿಂದಲೇ ಮಂಜುಗಡ್ಡೆಯನ್ನು ಮಾಡಿದರು.

ಬಿಸಿ ಕೊಟ್ಟರೆ ತಂಪು ಹೇಗೆ ಬಂದೀತು ಎಂದು ನಿಮಗೆ ಸಂದೇಹ ಬರಬಹುದು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಏಕೆ ತಣ್ಣಗಿರುತ್ತದೆ? ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ಕರ್ರೆಯವರ ಯಂತ್ರದಲ್ಲಿ ನೀರಿನ ಬದಲು ಅಮೋನಿಯ ಇರುತ್ತದೆ. ಅದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಷ್ಟು ಜೋರಾಗಿ ಸೆಳೆಯುತ್ತದೆಂದರೆ ಪಕ್ಕದ ನೀರು ಹೆಪ್ಪುಗಟ್ಟುತ್ತದೆ. ಆ ಅಮೋನಿಯವನ್ನು ಮತ್ತೆ ಬೇರ್ಪಡಿಸಿ ಸಿದ್ಧಮಾಡಲು ಶಾಖ ಬೇಕು. ಆ ಶಾಖವನ್ನು ಒದಗಿಸಿದ್ದು ಸೂರ್ಯ. ಈ ಸಾಧನೆಗೆ ಮೂಶೋ ಅವರಿಗೆ ಪ್ರದರ್ಶನದ ಸುವರ್ಣ ಪದಕ ದೊರೆಯಿತು. ಬೀಗದ ಕೆಲಸಗಾರನ ಮಗ ಫ್ರಾನ್ಸಿನಲ್ಲೆಲ್ಲ ಮನೆಮಾತಾದರು.

ಮುಂಬಯಿಯಲ್ಲಿ ಅದೇ ಪ್ರಯೋಗ

ಮೂಶೋ ಅವರ ಕೆಲಸದ ಸುದ್ದಿ ನಮ್ಮ ದೇಶಕ್ಕೂ ಬಂದಿತ್ತು. ಆಗ ಸೊಲ್ಲಾಪುರ, ಧಾರವಾಡ, ಬೆಳಗಾವಿಗಳೆಲ್ಲ ಮುಂಬಯಿ ಇಲಾಖೆಗೆ ಸೇರಿದ್ದವು. ಆ ಇಲಾಖೆಯ ರಾಜಧಾನಿಯಲ್ಲಿ ಹೈಕೋರ್ಟಿನ ಅಧಿಕಾರಿಯಾಗಿದ್ದ ವಿಲಿಯಂ ಆಡಮ್ಸ್ ಎಂಬ ಆಂಗ್ಲರು, ಕಟ್ಟಿಗೆ ಮತ್ತು ಕಲ್ಲಿದ್ದಲು ತುಟ್ಟಿಯಾಗಿರುವ ಈ ದೇಶಕ್ಕೆ ಬಿಸಿಲೇ ಇಂಧನವಾಗಬೇಕೆಂದು ಬಗೆದರು. ಮೂಶೋ ಅವರ ಬೆಳ್ಳಿ ಲೇಪದ ತಗಡು ದುಬಾರಿ, ಅಲ್ಲದೆ ಬೇಗ ಮಂಕಾಗುತ್ತದೆ ಎಂಬುದನ್ನು ಕಂಡುಕೊಂಡ ಆಡಮ್ಸ್, ಅದರ ಬದಲು ಸಾಮಾನ್ಯ ಚಪ್ಪಟೆ ಕನ್ನಡಿಗಳನ್ನು ಬಳಸಿದರು. ಎಂಟು ಮೂಲೆಯ ಮರದ ಚೌಕಟ್ಟಿಗೆ ಕನ್ನಡಿ ಜೋಡಿಸಿ, ನಡುವೆ ಗಾಜು ಮುಚ್ಚಿದ ತಾಮ್ರದ ಪಾತ್ರೆ ಇಟ್ಟರು. ಜನವರಿ ತಿಂಗಳ ಎಳೆಬಿಸಿಲಿನಲ್ಲಿಯೂ ಏಳು ಜನ ಸಿಪಾಯಿಗಳ ಊಟ ಅದರಲ್ಲಿ ಎರಡು ಗಂಟೆಗಳೊಳಗೆ ಬೆಂದಿತು. ಅವರು ಅನೇಕ ಚಪ್ಪಟೆ ಕನ್ನಡಿಗಳ ಬೆಳಕನ್ನು ಒಂದೇ ಹಂಡೆಗೆ ತಿರುಗಿಸಿ ಉಗಿಯ ಪಂಪನ್ನೂ ಓಡಿಸಿದರು. 1878ರಲ್ಲಿ ಈ ಎಲ್ಲ ಪ್ರಯೋಗಗಳ ಬಗ್ಗೆ ಮುಂಬಯಿಯಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಒಬ್ಬರು ಹಚ್ಚಿದ ದೀಪದಿಂದ ಇನ್ನೊಬ್ಬರು ಹಚ್ಚಿಕೊಳ್ಳುವುದು ವಿಜ್ಞಾನದಲ್ಲಿ ಹೀಗೆ.

ಕಲ್ಲಿದ್ದಲಿನ ಮುಂದೆ ಸೋಲು

ಪದಕ ಬಂತು, ಕೀರ್ತಿ ಬಂತು. ಆದರೆ ಅಷ್ಟರಲ್ಲಿ ಕಾಲ ಬದಲಾಗತೊಡಗಿತ್ತು. ಫ್ರಾನ್ಸಿನಲ್ಲಿ ರೈಲುಮಾರ್ಗಗಳು ಹರಡಿದವು. ಇಂಗ್ಲೆಂಡಿನೊಡನೆ ವ್ಯಾಪಾರ ಸುಲಭವಾಯಿತು. ಕಲ್ಲಿದ್ದಲು ಅಗ್ಗವಾಗಿ ಊರೂರಿಗೆ ತಲುಪತೊಡಗಿತು. ಬಿಸಿಲಿನ ಯಂತ್ರಕ್ಕೆ ಇನ್ನೂ ಹಣ ಸುರಿಯಬೇಕೇ ಎಂಬ ಪ್ರಶ್ನೆ ಸರ್ಕಾರಕ್ಕೆ ಎದುರಾಯಿತು. ಇದನ್ನು ತೀರ್ಮಾನಿಸಲು ಫ್ರಾನ್ಸಿನ ಮೋಂಪೆಲ್ಯೆ ನಗರದಲ್ಲಿ ಒಂದು, ಅಲ್ಜೀರಿಯಾದ ಕಾನ್ಸ್ಟಂಟೈನ್ ನಗರದಲ್ಲಿ ಒಂದು, ಹೀಗೆ ಒಂದೇ ಬಗೆಯ ಎರಡು ಯಂತ್ರಗಳನ್ನು ನಿಲ್ಲಿಸಿ ಪರೀಕ್ಷೆ ನಡೆಸಲಾಯಿತು. ಯಂತ್ರ ಕೆಲಸ ಮಾಡುತ್ತದೆ, ಆದರೆ ಕಲ್ಲಿದ್ದಲಿನ ಬೆಲೆಗೆ ಹೋಲಿಸಿದರೆ ಲಾಭದಾಯಕವಲ್ಲ ಎಂದು ತೀರ್ಪು ಬಂತು. ಸರ್ಕಾರ ಕೈ ಹಿಂತೆಗೆದುಕೊಂಡಿತು.

ಪಿಫ್ರ್ ಅವರು ಇನ್ನೂ ಕೆಲವು ಕಾಲ ಹೆಣಗಿದರು. 1882ರ ಆಗಸ್ಟ್ 6ರಂದು ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಬಿಸಿಲಿನ ಉಗಿಯಿಂದ ಮುದ್ರಣಯಂತ್ರವನ್ನು ಓಡಿಸಿ, ಗಂಟೆಗೆ ಸುಮಾರು 500 ಪ್ರತಿಗಳಂತೆ ಪತ್ರಿಕೆ ಅಚ್ಚು ಹಾಕಿ ತೋರಿಸಿದರು. ಆ ಪತ್ರಿಕೆಗೆ ಸೂರ್ಯನ ಹೆಸರನ್ನೇ ಇಟ್ಟಿದ್ದರು. ಜನ ಚಪ್ಪಾಳೆ ತಟ್ಟಿದರು. ಆದರೆ ಯಂತ್ರ ಕೊಳ್ಳುವವರು ಬರಲಿಲ್ಲ.

ಮೂಶೋ ಅವರು ಸೌರಶಕ್ತಿಯಿಂದ ದೂರ ಸರಿದು, ತಮ್ಮ ಮೊದಲ ಪ್ರೀತಿಯಾದ ಗಣಿತಕ್ಕೆ ಮರಳಿದರು. ರೇಖಾಗಣಿತದ ಮೇಲೆ ಗ್ರಂಥ ಬರೆದರು. 1891 ಮತ್ತು 1892ರಲ್ಲಿ ವಿಜ್ಞಾನ ಅಕಾಡೆಮಿಯ ಫ್ರಾಂಕೋರ್ ಪಾರಿತೋಷಕ ಅವರಿಗೆ ಸಂದಿತು. ಆದರೂ ವೃದ್ಧಾಪ್ಯದಲ್ಲಿ ಬಡತನ ಅವರನ್ನು ಬಿಡಲಿಲ್ಲ. ಒಮ್ಮೆ ಅವರ ಯಂತ್ರ ನೋಡಲು ಜನ ಮುಗಿಬಿದ್ದಿದ್ದ ಅದೇ ಪ್ಯಾರಿಸ್ಸಿನಲ್ಲಿ, ಜನರ ನೆನಪಿನಿಂದ ಮರೆಯಾಗಿ, 1912ರ ಅಕ್ಟೋಬರ್ 4ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ ಅವರು ಇಹಲೋಕ ಯಾತ್ರೆ ಮುಗಿಸಿದರು.

ಬಿತ್ತಿದ ಬೀಜ

ಮರುವರ್ಷವೇ, 1913ರಲ್ಲಿ, ಅಮೆರಿಕದ ಫ್ರಾಂಕ್ ಶೂಮನ್ ಎಂಬವರು ಈಜಿಪ್ಟಿನ ಮಾದಿ ಎಂಬಲ್ಲಿ ತೊಟ್ಟಿಯಾಕಾರದ ಉದ್ದನೆಯ ಕನ್ನಡಿಗಳನ್ನು ನಿಲ್ಲಿಸಿ, ಬಿಸಿಲಿನಿಂದ ನೈಲ್ ನದಿಯ ನೀರನ್ನು ಹೊಲಗಳಿಗೆ ಎತ್ತಿದರು. 1970ರ ಹೊತ್ತಿಗೆ ಫ್ರಾನ್ಸಿನ ಓಡೆಯೋ ಎಂಬಲ್ಲಿ ಭಾರಿ ಸೌರಕುಲುಮೆ ಕೆಲಸ ಆರಂಭಿಸಿತು. 2016ರಲ್ಲಿ ಅಲ್ಜೀರಿಯಾದ ನೆರೆಯ ಮೊರಾಕ್ಕೊದಲ್ಲಿ, ಸಹಾರಾ ಅಂಚಿನ ವಾರ್ಜಾಜಾತ್ ಬಳಿ, ಕನ್ನಡಿಗಳಿಂದ ಉಗಿ ಮಾಡಿ ವಿದ್ಯುತ್ತು ತೆಗೆಯುವ 160 ಮೆಗಾವಾಟಿನ ಸ್ಥಾವರ ಉದ್ಘಾಟನೆಯಾಯಿತು.

ಅಡುಗೆಯ ಮಾತಿಗೆ ಬಂದರೆ, 1980ರ ದಶಕದಲ್ಲಿ ನಮ್ಮ ಸರ್ಕಾರವು ರಿಯಾಯಿತಿ ಕೊಟ್ಟು ಊರೂರಿಗೆ ಹಂಚಿದ ಪೆಟ್ಟಿಗೆಯಾಕಾರದ ಸೌರ ಒಲೆಗಳಲ್ಲಿ ಇದ್ದದ್ದು ಸೋಸ್ಯೂರರ ಪೆಟ್ಟಿಗೆ ಮತ್ತು ಮೇಲೊಂದು ಕನ್ನಡಿ. ನಮ್ಮ ಮಹಾರಾಷ್ಟ್ರದ ಶಿರಡಿಯಲ್ಲಿ 2009ರಲ್ಲಿ ಭಕ್ತರ ಅನ್ನಪ್ರಸಾದಕ್ಕಾಗಿ 73 ಕನ್ನಡಿ ತಟ್ಟೆಗಳನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಬಿಸಿಲಿನ ಉಗಿಯಿಂದ ಸಾವಿರಾರು ಜನರಿಗೆ ಅಡುಗೆ ಮಾಡುವ ಏರ್ಪಾಡು ಮಾಡಲಾಯಿತು. ಕನ್ನಡಿ ಕೂಡಿಸುತ್ತದೆ, ಕಪ್ಪು ಹೀರುತ್ತದೆ ಎಂಬ ಮೂಶೋ ಅವರ ಪಾಠ ಇವೆಲ್ಲವುಗಳಲ್ಲಿ ಇದೆ.

ನಾವು ಮಾಡಿ ನೋಡಬಹುದಾದದ್ದು

ಈ ವಿದ್ಯೆ ಪರೀಕ್ಷಿಸಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಒಂದೇ ಅಳತೆಯ ಎರಡು ಡಬ್ಬಿಗಳನ್ನು ತೆಗೆದುಕೊಂಡು ಒಂದಕ್ಕೆ ಹೊರಗಡೆ ಕಪ್ಪು ಬಳಿಯಿರಿ. ಎರಡರಲ್ಲೂ ಸಮನಾಗಿ ನೀರು ತುಂಬಿ ಬಿಸಿಲಿಗೆ ಇಡಿರಿ. ಗಂಟೆಯ ನಂತರ ಥರ್ಮಾಮೀಟರಿನಿಂದ ಅಳೆದು ಬರೆದಿಡಿರಿ. ಮರುದಿನ ಕಪ್ಪು ಡಬ್ಬಿಯನ್ನು ಗಾಜು ಮುಚ್ಚಿದ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ನೋಡಿರಿ. ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿರಿಸಿ ನಡುವೆ ಹುಲ್ಲನ್ನೋ ಹಳೆಯ ಕಾಗದವನ್ನೋ ತುಂಬಿದರೆ ಉಷ್ಣತೆ ಇನ್ನೂ ಏರುತ್ತದೆ. ಇಂತಹ ಪೆಟ್ಟಿಗೆಯನ್ನು ಸರಿಯಾಗಿ ಕಟ್ಟಿದರೆ ಅದರಲ್ಲಿ ಅನ್ನ, ಬೇಳೆ ನಿಧಾನವಾಗಿ ಬೇಯುತ್ತವೆ. ಆದರೆ ಜೋಳದ ರೊಟ್ಟಿಗೆ ಕಾದ ಹಂಚಿನ ಶಾಖ ಬೇಕು. ಅದು ಈ ಪೆಟ್ಟಿಗೆಗೆ ಆಗದ ಕೆಲಸ. ಕನ್ನಡಿ ಬಳಸುವಾಗ ಹಿರಿಯರು ಜೊತೆಗಿರಲಿ. ಕನ್ನಡಿಯಲ್ಲಿ ಕೂಡಿದ ಬಿಸಿಲನ್ನು ಎಂದೂ ನೇರವಾಗಿ ನೋಡಬಾರದು, ಕಣ್ಣಿಗೆ ಅಪಾಯ.

ಮೂಶೋ ಅವರ ಜೀವನದಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ಅವರು ಶ್ರೀಮಂತರಲ್ಲ, ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಶಿಕ್ಷಕರು. ಯುದ್ಧ ಅವರ ಯಂತ್ರವನ್ನು ಕಸಿದುಕೊಂಡಾಗ ಮತ್ತೆ ಕಟ್ಟಿದರು. ಸರ್ಕಾರ ಕೈಬಿಟ್ಟಾಗ ಗಣಿತದಲ್ಲಿ ದುಡಿದರು. ಅವರ ಯಂತ್ರದಲ್ಲಿ ಕೊರತೆಗಳಿದ್ದದ್ದು ನಿಜ. ಆದರೆ ಅದನ್ನು ಮೂಲೆಗೆ ತಳ್ಳಿದ್ದು ಆ ವರ್ಷದ ಕಲ್ಲಿದ್ದಲಿನ ದರ. ದರ ವರ್ಷಕ್ಕೊಮ್ಮೆ ಬದಲಾಗುತ್ತದೆ. ಗಣಿಯಿಂದ ತೆಗೆದ ಕಲ್ಲಿದ್ದಲು ಮತ್ತೆ ಹುಟ್ಟುವುದಿಲ್ಲ, ಅದರ ಹೊಗೆ ಇಂದು ಜಗತ್ತಿನ ಹವೆಯನ್ನೇ ಕೆಡಿಸುತ್ತಿದೆ ಎಂಬುದನ್ನು ನಾವು ಈಗ ಬಲ್ಲೆವು. ಮೂಶೋ ಅವರು ಕೇಳಿದ ಪ್ರಶ್ನೆ ಇನ್ನೂ ಮುಗಿದಿಲ್ಲ.

ಬಿಸಿಲನ್ನು ಶಪಿಸುವುದು ಸುಲಭ. ಅದನ್ನು ಅಳೆದು, ಹಿಡಿದು, ಮನೆಗೆಲಸಕ್ಕೆ ಹಚ್ಚುವುದಕ್ಕೆ ಬುದ್ಧಿ ಮತ್ತು ತಾಳ್ಮೆ ಎರಡೂ ಬೇಕು. ಬಿಸಿಲೇ ಬಂಡವಾಳವಾಗಿರುವ ನಮ್ಮ ಒಣನಾಡಿನ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು, ತಾಯಿಯ ಒಲೆಯ ಹೊಗೆಯನ್ನು ಕಡಿಮೆ ಮಾಡುವಂತಹ ಅಗ್ಗದ, ಗಟ್ಟಿಯಾದ ಸೌರ ಒಲೆಯನ್ನು ಕಟ್ಟಿ ತೋರಿಸಲಿ. ಆ ಶಿಕ್ಷಕರ ಶ್ರಮಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇರೆ ಬೇಕಿಲ್ಲ.